ಬೆಂಗಳೂರಿನ ಹೊಸ ದೋಣಿ ಮಾಲೀಕರಿಗೆ: ಒಡಲಿನ ದುರಸ್ತಿ ಮತ್ತು ವರ್ಷವಿಡೀ ಆರೈಕೆಯ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ದೋಣಿ ಕೊಂಡವರ ಸಮಸ್ಯೆಗಳು ಮಲ್ಪೆ, ಮಂಗಳೂರು ಅಥವಾ ಕಾರವಾರದ ದೋಣಿಯವರ ಸಮಸ್ಯೆಗಳಿಗಿಂತ ಬೇರೆ. ಅಲ್ಲಿ ದೋಣಿ ಉಪ್ಪುನೀರಿನಲ್ಲಿ ದುಡಿಯುತ್ತದೆ. ಚಿಪ್ಪುಹುಳು, ಉಪ್ಪು, ಅಲೆಯ ಹೊಡೆತ ಅದರ ಶತ್ರುಗಳು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ, ಹತ್ತಿರದಲ್ಲಿ ದೊಡ್ಡ ನದಿಯೂ ಇಲ್ಲದ ನಮ್ಮ ಊರಿನಲ್ಲಿ ದೋಣಿಯು ವರ್ಷದ ಬಹುಪಾಲು ದಿನಗಳನ್ನು ಟ್ರೇಲರಿನ ಮೇಲೆ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅಥವಾ ಖಾಲಿ ಸೈಟಿನ ಮೂಲೆಯಲ್ಲಿ ಕಳೆಯುತ್ತದೆ. ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಾಯಿದೋಣಿ ನಡೆಸುವುದನ್ನು ನೋಡಿ ಆಸೆಪಟ್ಟು ಸಣ್ಣ ದೋಣಿಯೊಂದನ್ನು ಕೊಂಡವರು ಕೊನೆಗೆ ಅದನ್ನು ನೀರಿಗಿಳಿಸಲು ಅನುಮತಿ ದೊರೆಯುವ ಹಿನ್ನೀರನ್ನೋ ಕರಾವಳಿಯ ಅಳಿವೆಯನ್ನೋ ಹುಡುಕಿಕೊಂಡು ಹೋಗಬೇಕಾಗುತ್ತದೆ. ಆದ್ದರಿಂದ ಇಲ್ಲಿ ಒಡಲು ಕೆಡುವುದು ಹೆಚ್ಚಾಗಿ ನೀರಿನಲ್ಲಿದ್ದಾಗ ಅಲ್ಲ, ನೆಲದ ಮೇಲೆ ನಿಂತಾಗ.

ಈ ಮಾರ್ಗದರ್ಶಿಯ ಮುಖ್ಯ ಮಾತು ಇಷ್ಟೇ: ಒಡಲಿನ ಹೊರಗಿರುವ ನೀರು ಅಪಾಯವಲ್ಲ, ಒಳಗೆ ಸಿಕ್ಕಿಕೊಂಡ ನೀರು ಅಪಾಯ. ಹಂಪಿಯಲ್ಲಿ ಹರಿಗೋಲಿನವರು ಕೆಲಸ ಮುಗಿಸಿ ಹರಿಗೋಲನ್ನು ದಡದ ಮೇಲೆ ಬೋರಲು ಹಾಕುವುದರಲ್ಲಿ ಈ ತಿಳಿವಳಿಕೆ ಅಡಗಿದೆ. ಮುಂದೆ ಹೇಳುವ ಪ್ರತಿಯೊಂದು ಹಂತವೂ, ಅದು ಬಿರುಕು ಮುಚ್ಚುವುದಾಗಲಿ, ತೂತಿಗೆ ತೇಪೆ ಹಾಕುವುದಾಗಲಿ, ಹೊದಿಕೆ ಕಟ್ಟುವುದಾಗಲಿ, ಒಣಗಿಸಿದ ನಂತರವೇ ಮುಚ್ಚಬೇಕು ಎಂಬ ನಿಯಮಕ್ಕೆ ಬದ್ಧವಾಗಿದೆ.

ಮೊದಲ ಹಂತ: ಒಡಲು ಯಾವ ವಸ್ತುವಿನದು ಎಂದು ಖಚಿತಪಡಿಸಿಕೊಳ್ಳುವುದು

ನಮ್ಮಲ್ಲಿ ಮಾರಾಟವಾಗುವ ಸಣ್ಣ ದೋಣಿಗಳಲ್ಲಿ ಹೆಚ್ಚಿನವು ಫೈಬರ್‌ಗ್ಲಾಸಿನವು, ಅಂದರೆ ಗಾಜಿನ ನಾರಿನ ಮ್ಯಾಟನ್ನು ಗಟ್ಟಿಯಾಗುವ ಅಂಟುದ್ರವವಾದ ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆಸಿ ಪದರ ಪದರವಾಗಿ ಕೂಡಿಸಿದವು. ಹೊರಮೈಯ ಹೊಳಪಿನ ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಇದಲ್ಲದೆ ಅಲ್ಯೂಮಿನಿಯಂ, ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕ್, ಗಾಳಿ ತುಂಬುವ ದೋಣಿ ಮತ್ತು ಅಪರೂಪಕ್ಕೆ ಮರದ ದೋಣಿಗಳೂ ಇವೆ. ಒಂದಕ್ಕೆ ಹೊಂದುವ ಅಂಟು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಫೈಬರ್ ದೋಣಿಯವರೇ ಹೆಚ್ಚಿರುವುದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎರಡನೆಯ ಹಂತ: ಪೂರ್ಣ ತಪಾಸಣೆ

ಹಳೆಯ ದೋಣಿ ಕೊಂಡವರು ಮೊದಲ ವಾರದಲ್ಲೇ ಇದನ್ನು ಮಾಡಬೇಕು. ಹೊಸದನ್ನು ಕೊಂಡವರು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಆಯುಧಪೂಜೆಗೆ ಮನೆಯ ವಾಹನಗಳನ್ನೆಲ್ಲ ತೊಳೆಯುವ ದಿನವನ್ನೇ ದೋಣಿಯ ತಪಾಸಣೆಗೂ ಇಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ, ಏಕೆಂದರೆ ಅಷ್ಟರಲ್ಲಿ ಮುಂಗಾರಿನ ಬಹುಪಾಲು ಮಳೆ ಮುಗಿದಿರುತ್ತದೆ ಮತ್ತು ಮಳೆಗಾಲದಲ್ಲಿ ಆದ ಹಾನಿ ಕಣ್ಣಿಗೆ ಬೀಳುತ್ತದೆ. ಪೂಜೆಯ ಅರಿಸಿನವನ್ನು ಮಾತ್ರ ಮಾಸಿದ ಜೆಲ್‌ಕೋಟಿನ ಮೇಲೆ ನೇರವಾಗಿ ಹಚ್ಚಬೇಡಿ. ಹೊಳಪು ಕಳೆದುಕೊಂಡ ಮೈ ಬಣ್ಣವನ್ನು ಹೀರಿಕೊಳ್ಳುತ್ತದೆ.

ಒಡಲನ್ನು ಸೋಪುನೀರಿನಲ್ಲಿ ತೊಳೆದು ಒಣಗಲು ಬಿಟ್ಟು, ಬೆಳಗಿನ ಓರೆಬಿಸಿಲಿನಲ್ಲಿ ಅಥವಾ ಟಾರ್ಚನ್ನು ಮೈಗೆ ಸಮಾನಾಂತರವಾಗಿ ಹಿಡಿದು ನೋಡಿದರೆ ನೇರ ಬೆಳಕಿನಲ್ಲಿ ಕಾಣದ ಗುಳ್ಳೆಗಳು, ತಗ್ಗುಗಳು ಮತ್ತು ಕೂದಲೆಳೆಯ ಬಿರುಕುಗಳು ನೆರಳಿನಿಂದಾಗಿ ಎದ್ದು ಕಾಣುತ್ತವೆ. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ ಬಿರುಕು ಹೊಡೆತದಿಂದ ಬಂದದ್ದು. ಒಂದರ ಪಕ್ಕ ಒಂದರಂತೆ ಸಾಲಾಗಿ ಇರುವ ಬಿರುಕುಗಳು ಆ ಭಾಗದ ಒಡಲು ಪದೇ ಪದೇ ಬಾಗುತ್ತಿದೆ ಎಂಬುದರ ಗುರುತು. ಇಂಥವುಗಳನ್ನು ಮೇಲ್ಮೈಯಲ್ಲಿ ಮಾತ್ರ ಮುಚ್ಚಿದರೆ ಅವು ಮತ್ತೆ ಬರುತ್ತವೆ, ಒಳಗಿನಿಂದ ಪದರ ಸೇರಿಸಿ ಬಲಪಡಿಸಬೇಕಾಗುತ್ತದೆ.

ಆಮೇಲೆ ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದಲೋ ನಾಣ್ಯದ ಅಂಚಿನಿಂದಲೋ ಒಡಲಿನುದ್ದಕ್ಕೂ ಗೇಣಿನಷ್ಟು ಅಂತರದಲ್ಲಿ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಪದರ ಖಣಿಲ್ ಎನ್ನುತ್ತದೆ. ಪದರ ಬಿಟ್ಟುಕೊಂಡಲ್ಲಿ ಅಥವಾ ಒಳಗಿನ ಮರ ನೆನೆದಲ್ಲಿ ಸದ್ದು ಮಂದವಾಗುತ್ತದೆ. ಸಂಶಯ ಬಂದ ಜಾಗವನ್ನು ಸೀಮೆಸುಣ್ಣದಿಂದ ಸುತ್ತುಹಾಕಿ ಗುರುತಿಸಿ ಫೋಟೋ ತೆಗೆದಿಟ್ಟುಕೊಳ್ಳಿ.

ತಪಾಸಣೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಎಂಜಿನ್ ಕೂರುವ ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಮ್. ಹೊರಗೆ ಫೈಬರ್ ಕಂಡರೂ ಅನೇಕ ದೋಣಿಗಳಲ್ಲಿ ಅದರ ಒಳಗೆ ಪ್ಲೈವುಡ್ ಇರುತ್ತದೆ. ಎಂಜಿನಿನ ಬೋಲ್ಟ್ ತೂತುಗಳ ಸುತ್ತ ಸೀಲಂಟ್ ಒಣಗಿ ಬಿರಿದರೆ ನೀರು ಅಲ್ಲಿಂದಲೇ ಇಳಿದು ಮರವನ್ನು ಕೊಳೆಸುತ್ತದೆ. ಎಂಜಿನಿನ ಕೆಳತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಒತ್ತಿದಾಗ ಹಲಗೆ ಬಾಗಿದರೆ ಅಥವಾ ಬೋಲ್ಟಿನ ಸುತ್ತ ಕಂದು ನೀರು ಒಸರಿದರೆ ಒಳಗಿನ ಮರ ಹೋಗಿದೆ ಎಂದೇ ತಿಳಿಯಬೇಕು. ಟ್ರಾನ್ಸಮ್ ಬದಲಾಯಿಸುವುದು ಹೊಸಬರು ಕೈಹಾಕುವ ಕೆಲಸವಲ್ಲ. ಎಂಜಿನಿನ ಇಡೀ ತಳ್ಳುಬಲ ಅದರ ಮೇಲೆ ಬೀಳುವುದರಿಂದ ಅನುಭವವಿರುವ ದೋಣಿ ಕಟ್ಟುವವರಿಗೇ ಒಪ್ಪಿಸಿ, ಮತ್ತು ಅದು ಮುಗಿಯುವವರೆಗೆ ದೋಣಿಯನ್ನು ನೀರಿಗಿಳಿಸಬೇಡಿ.

ಮೂರನೆಯ ಹಂತ: ಕೆಲಸಕ್ಕೆ ಕಾಲ ಮತ್ತು ಜಾಗ

ಬೆಂಗಳೂರಿನಲ್ಲಿ ಫೈಬರ್ ಕೆಲಸಕ್ಕೆ ಫೆಬ್ರುವರಿಯಿಂದ ಏಪ್ರಿಲ್ ಮೊದಲ ವಾರಗಳವರೆಗಿನ ಕಾಲ ಅತ್ಯುತ್ತಮ, ಏಕೆಂದರೆ ಆಗ ಗಾಳಿಯಲ್ಲಿ ತೇವಾಂಶ ಕಡಿಮೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಹೆಚ್ಚು. ಆಗ ರೆಸಿನ್ ಕೆಲಸವನ್ನು ಮುಂದೂಡುವುದೇ ಸರಿ. ಡಿಸೆಂಬರ್ ಮತ್ತು ಜನವರಿಯಲ್ಲಿ ಮಳೆಯಿಲ್ಲದಿದ್ದರೂ ಬೆಳಗಿನ ಇಬ್ಬನಿ ಮೈಮೇಲೆ ಕಾಣದಷ್ಟು ತೆಳುವಾಗಿ ಕೂತಿರುತ್ತದೆ, ಆದ್ದರಿಂದ ಬಿಸಿಲು ಏರಿ ಒಡಲು ಬೆಚ್ಚಗಾದ ನಂತರ ಆರಂಭಿಸಿ, ಸಂಜೆಯ ತಂಪಿಗೆ ಮುಂಚೆ ಮುಗಿಸಿ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಈ ಕೆಲಸವನ್ನು ಎಂದಿಗೂ ಮಾಡಬಾರದು. ಪಾಲಿಯೆಸ್ಟರ್ ರೆಸಿನ್ನಿನಿಂದ ಏಳುವ ಸ್ಟೈರೀನ್ ಆವಿ ಗಾಳಿಗಿಂತ ಭಾರವಾದದ್ದು. ಅದು ತಗ್ಗಿನಲ್ಲಿ ಸೇರಿಕೊಳ್ಳುತ್ತದೆ, ಉಸಿರಿಗೂ ಬೆಂಕಿಗೂ ಅಪಾಯಕಾರಿ. ತೆರೆದ ಸೈಟ್ ಅಥವಾ ಮೇಲೆ ನೆರಳಿದ್ದು ನಾಲ್ಕೂ ಕಡೆ ಗಾಳಿಯಾಡುವ ಶೆಡ್ ಬೇಕು. ಉಜ್ಜುವಾಗ ಏಳುವ ಗಾಜಿನ ಧೂಳಿಗೆ ಎನ್-95 ಮಾಸ್ಕ್, ರೆಸಿನ್ ಆವಿಗೆ ಸಾವಯವ ಆವಿಯನ್ನು ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಕೈಗೆ ನೈಟ್ರೈಲ್ ಗವಸು ಇರಲೇಬೇಕು. ಬಟ್ಟೆಯ ಮಾಸ್ಕ್ ಇಲ್ಲಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ಸಾಮಗ್ರಿಗಳಿಗಾಗಿ ಕರಾವಳಿಗೆ ಹೋಗಬೇಕಾಗಿಲ್ಲ. ನೀರಿನ ಟ್ಯಾಂಕು, ಫೈಬರ್ ಶೀಟು, ವಾಹನಗಳ ಬಾಡಿ ಮಾಡುವವರು ಬಳಸುವುದೂ ಇದೇ ಮ್ಯಾಟು, ಇದೇ ಜಾತಿಯ ರೆಸಿನ್. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. ಆದರೆ ಸಾಮಾನ್ಯ ದರ್ಜೆಯ ರೆಸಿನ್ ಬದಲು ನೀರನ್ನು ಹೆಚ್ಚು ತಡೆಯುವ ಐಸೊಫ್ತಾಲಿಕ್ ರೆಸಿನ್ ಬೇಕೆಂದು ಕೇಳಿ ಪಡೆಯಿರಿ, ಮತ್ತು ಡಬ್ಬಿಯ ಮೇಲಿನ ತಯಾರಿಕೆಯ ದಿನಾಂಕವನ್ನು ನೋಡಿ, ಏಕೆಂದರೆ ಹಳತಾದ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ನಾಲ್ಕನೆಯ ಹಂತ: ಜೆಲ್‌ಕೋಟಿನ ಗೀರು ಮತ್ತು ಬಿರುಕು

ಉಗುರು ಆಡಿಸಿದರೆ ಸಿಕ್ಕದ ಗೀರನ್ನು ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿ ತೆಗೆಯಬಹುದು. ಉಗುರು ಸಿಕ್ಕುವ ಬಿರುಕನ್ನು ತುಂಬಬೇಕು. ಹಾಗೆಯೇ ಮೇಲಿನಿಂದ ಬಳಿದರೆ ಜೆಲ್‌ಕೋಟ್ ಒಳಗಿಳಿಯುವುದಿಲ್ಲ. ಚೂಪಾದ ಉಪಕರಣದಿಂದ ಬಿರುಕನ್ನು ಬಾಯಿ ಅಗಲವಾಗಿ, ತಳ ಕಿರಿದಾಗಿ ಕೆತ್ತಿ, ಅಸಿಟೋನಿನಲ್ಲಿ ಒದ್ದೆ ಮಾಡಿದ ಶುದ್ಧ ಬಟ್ಟೆಯಿಂದ ಒರೆಸಿ, ಆರಲು ಬಿಡಿ. ಜೆಲ್‌ಕೋಟಿಗೆ ತಯಾರಕರು ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ತೂಕದ 1.5ರಿಂದ 2 ಶೇಕಡಾ, ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸಿ ಮೇಲ್ಮೈಗಿಂತ ತುಸು ಉಬ್ಬುವಂತೆ ತುಂಬಿ. ಗಾಳಿ ತಗಲುವ ಜೆಲ್‌ಕೋಟ್ ಮೇಲುಗಡೆ ಅಂಟಂಟಾಗಿಯೇ ಉಳಿಯುವುದರಿಂದ ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಒತ್ತಿ ಟೇಪ್ ಹಾಕಬೇಕು. ಮಾರನೆಯ ದಿನ ಹಾಳೆ ತೆಗೆದು, ಮರದ ತುಂಡಿಗೆ ಸುತ್ತಿದ ಸ್ಯಾಂಡ್‌ಪೇಪರಿನಿಂದ 220, 400, 600, 1000 ಎಂಬ ಕ್ರಮದಲ್ಲಿ, 400ರ ನಂತರ ನೀರು ಹಾಕುತ್ತ, ಉಜ್ಜಿ ಕಾಂಪೌಂಡ್ ಮತ್ತು ವ್ಯಾಕ್ಸ್ ಹಚ್ಚಿ. ಬಣ್ಣ ಹೊಂದಿಸುವಾಗ ಹಾರ್ಡ್‌ನರ್ ಬೆರೆಸದ ಒಂದು ಹನಿಯನ್ನು ಪಾಲಿಶ್ ಮಾಡಿದ ಜಾಗದ ಮೇಲಿಟ್ಟು ಹೋಲಿಸಿ, ಒರೆಸಿ ತೆಗೆಯಿರಿ. ಮಾಸಿದ ಜಾಗಕ್ಕೆ ಹೋಲಿಸಿದರೆ ಬಣ್ಣ ತಪ್ಪುತ್ತದೆ.

ಐದನೆಯ ಹಂತ: ತೂತು ಮತ್ತು ಆಳವಾದ ಒಡಕು

ಬಂಡೆಗೆ ತಗುಲಿ ಒಡಲು ತೂತಾದಾಗ ಹೊಸಬರು ತೂತಿನ ಗಾತ್ರವನ್ನಷ್ಟೇ ನೋಡುತ್ತಾರೆ. ತೇಪೆಯ ಬಲವಿರುವುದು ತೂತಿನಲ್ಲಿ ಅಲ್ಲ, ಅದರ ಸುತ್ತ ಇಳಿಜಾರಾಗಿ ತೆಗೆದ ಅಂಚಿನಲ್ಲಿ. ಒಡಲಿನ ದಪ್ಪದ 12 ಪಟ್ಟು ಅಗಲಕ್ಕೆ ಸುತ್ತಲೂ ಇಳಿಜಾರು ಮಾಡಬೇಕೆಂಬುದು ರೂಢಿಯಲ್ಲಿರುವ ಅಳತೆ. ಒಡಲಿನ ದಪ್ಪ 4 ಮಿ.ಮೀ. ಇದ್ದರೆ ಸುತ್ತಲೂ ಸುಮಾರು 48 ಮಿ.ಮೀ. ಇಳಿಜಾರು ಬೇಕು, ಅಂದರೆ 10 ಸೆಂ.ಮೀ. ತೂತಿಗೆ ತೇಪೆ ಹೆಚ್ಚುಕಡಿಮೆ 20 ಸೆಂ.ಮೀ. ಆಗುತ್ತದೆ. ಇಷ್ಟು ದೊಡ್ಡದಾಗಿ ಉಜ್ಜಲು ಮನಸ್ಸು ಹಿಂಜರಿಯುವುದು ಸಹಜ, ಆದರೆ ಇಲ್ಲಿ ಉಳಿಸಿದ ಶ್ರಮ ನೀರಿನಲ್ಲಿ ತೇಪೆ ಕಿತ್ತುಬರಲು ಕಾರಣವಾಗುತ್ತದೆ.

ಮೊದಲು ಒಡೆದ, ಬಿಳಿಚಿಕೊಂಡ ನಾರನ್ನೆಲ್ಲ ಗಟ್ಟಿಯಾದ ಪದರ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಮೂಲೆಗಳಿಂದ ಬಿರುಕು ಮುಂದುವರಿಯುವುದರಿಂದ ತೂತನ್ನು ದುಂಡಗೆ ಅಥವಾ ಮೊಟ್ಟೆಯಾಕಾರಕ್ಕೆ ತನ್ನಿ. ಅಸಿಟೋನಿನಿಂದ ಒರೆಸಿದ ನಂತರವೇ ಗ್ರೈಂಡರಿನಿಂದ ಇಳಿಜಾರು ತೆಗೆಯಬೇಕು, ಇಲ್ಲವಾದರೆ ಹಳೆಯ ವ್ಯಾಕ್ಸ್ ಉಜ್ಜುವಿಕೆಯಲ್ಲಿ ನಾರಿನೊಳಗೆ ಇಳಿಯುತ್ತದೆ.

ಈಗ ಒಣಗಿಸುವ ಕೆಲಸ. ಮೂರು ನಾಲ್ಕು ದಿನ ಬಿಸಿಲು ಗಾಳಿಗೆ ಬಿಟ್ಟ ಮೇಲೆ, ಒಂದು ಅಡಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗದ ಮೇಲೆ ನಾಲ್ಕೂ ಬದಿಗೆ ಟೇಪ್ ಹಾಕಿ ಒಂದು ಹಗಲು ಬಿಸಿಲಿನಲ್ಲಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ಒಡಲಿನಲ್ಲಿ ಇನ್ನೂ ನೀರಿದೆ. ಹಾಳೆ ತೆಗೆದು ಇನ್ನಷ್ಟು ದಿನ ಕಾಯಿರಿ. ಹನಿ ನಿಂತ ಮೇಲೆ ಮಾತ್ರ ಮುಂದಿನ ಕೆಲಸ.

ತೂತಿನ ಹಿಂಬದಿ ಕೈಗೆಟುಕಿದರೆ ವ್ಯಾಕ್ಸ್ ಹಚ್ಚಿದ ತೆಳು ಲ್ಯಾಮಿನೇಟ್ ಶೀಟನ್ನು ಒಂದು ಬದಿಯಿಂದ ಒಡಲಿನ ಬಾಗಿಗೆ ಸರಿಯಾಗಿ ಒತ್ತಿಕೊಳ್ಳುವಂತೆ ಟೇಪ್ ಹಾಕಿ, ಇನ್ನೊಂದು ಬದಿಯಿಂದ ಪದರ ಹಾಕಿ. ಸಾಮಾನ್ಯವಾಗಿ ಸಿಗುವ 450 ಗ್ರಾಂ (ಚದರ ಮೀಟರಿಗೆ) ಮ್ಯಾಟಿನ ಒಂದು ಪದರ ಗಟ್ಟಿಯಾದಾಗ ಸುಮಾರು 1 ಮಿ.ಮೀ. ದಪ್ಪವಾಗುತ್ತದೆ, ಆದ್ದರಿಂದ 4 ಮಿ.ಮೀ. ಒಡಲಿಗೆ ನಾಲ್ಕೈದು ಪದರ ಬೇಕು. ಇಳಿಜಾರಿನ ಹೊರ ಅಂಚಿನಷ್ಟು ದೊಡ್ಡ ತುಂಡಿನಿಂದ ಆರಂಭಿಸಿ ಒಂದೊಂದನ್ನೂ ಚಿಕ್ಕದಾಗಿ ಕತ್ತರಿಸಿಟ್ಟುಕೊಳ್ಳಿ. ಮೊದಲು ಚಿಕ್ಕದನ್ನು ಹಾಕುವ ಪದ್ಧತಿಯೂ ಇದೆ, ಆದರೆ ದೊಡ್ಡದನ್ನು ಮೊದಲು ಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ: ಆಗ ಒಂದು ಅಖಂಡ ಪದರ ಇಡೀ ಇಳಿಜಾರಿಗೆ ಅಂಟಿಕೊಳ್ಳುತ್ತದೆ.

ರೆಸಿನ್ ಎಷ್ಟು ಬೇಕೆಂಬುದನ್ನು ಅಂದಾಜಿಗೆ ಬಿಡಬೇಡಿ. 30 ಸೆಂ.ಮೀ. ಚೌಕದ 450 ಗ್ರಾಂ ಮ್ಯಾಟಿನ ತುಂಡು ಸುಮಾರು 40 ಗ್ರಾಂ ತೂಗುತ್ತದೆ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು, ಅಂದರೆ 80ರಿಂದ 100 ಗ್ರಾಂ ರೆಸಿನ್ ಅದಕ್ಕೆ ಸಾಕು. ಅಡಿಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೊಂದನ್ನು ಇದಕ್ಕೆಂದೇ ಬೇರೆಯಾಗಿ ಇಟ್ಟುಕೊಳ್ಳಿ.

ಬೆರೆಸುವಾಗ ಒಂದು ಎಚ್ಚರಿಕೆಯನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ರೆಸಿನ್ ಗಟ್ಟಿಯಾಗಲು ಕೋಬಾಲ್ಟ್ ಎಂಬ ವೇಗವರ್ಧಕ ಮತ್ತು ಎಂಇಕೆಪಿ ಎಂಬ ಹಾರ್ಡ್‌ನರ್ ಎರಡೂ ಬೇಕು. ಇವೆರಡನ್ನು ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಹಾಗೆ ಮಾಡಿದರೆ ಬೆಂಕಿ ಅಥವಾ ಸ್ಫೋಟವಾಗುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡ್‌ನರ್ ಹಾಕಿ. ಎರಡಕ್ಕೂ ಬೇರೆ ಬೇರೆ ಸಿರಿಂಜ್ ಬಳಸಿ, ಬೇರೆ ಬೇರೆ ಜಾಗದಲ್ಲಿಡಿ. ಸಾಧ್ಯವಾದರೆ ಕೋಬಾಲ್ಟನ್ನು ಮೊದಲೇ ಬೆರೆಸಿದ ರೆಸಿನ್ನನ್ನೇ ಕೊಳ್ಳುವುದು ಹೊಸಬರಿಗೆ ಕ್ಷೇಮ. ಎಂಇಕೆಪಿಯ ಒಂದೇ ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇದ್ದು ಕಣ್ಣಿನ ಆಸ್ಪತ್ರೆಗೆ ಧಾವಿಸಬೇಕು.

ಹಾರ್ಡ್‌ನರಿನ ಪ್ರಮಾಣ ರೆಸಿನ್ ತೂಕದ 1ರಿಂದ 2 ಶೇಕಡಾ. ಮಾರ್ಚ್ ಕೊನೆಯ ಮಧ್ಯಾಹ್ನದ ಬಿಸಿಲಿನಲ್ಲಿ 2 ಶೇಕಡಾ ಹಾಕಿದರೆ ಬ್ರಷ್ ಎತ್ತುವಷ್ಟರಲ್ಲಿ ರೆಸಿನ್ ಗಡ್ಡೆಕಟ್ಟಬಹುದು. ಆದರೆ ಸಮಯ ಸಿಗಲೆಂದು 1 ಶೇಕಡಾಕ್ಕಿಂತ ಕೆಳಗಿಳಿಸಿದರೆ ಒಳಗೆ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಪ್ರಮಾಣ ಇಳಿಸುವ ಬದಲು ನೆರಳು ಮಾಡಿಕೊಂಡು, ಒಮ್ಮೆಗೆ ಒಂದು ಪದರಕ್ಕಾಗುವಷ್ಟೇ ಬೆರೆಸಿಕೊಳ್ಳಿ.

ಇಳಿಜಾರಿಗೆ ರೆಸಿನ್ ಬಳಿದು, ಮ್ಯಾಟ್ ಇಟ್ಟು, ಬ್ರಷ್ಷನ್ನು ಎಳೆಯದೆ ಕುಟ್ಟುತ್ತ ನೆನೆಸಿ. ಬಿಳಿ ನಾರು ಪಾರದರ್ಶಕವಾದರೆ ನೆನೆದಿದೆ ಎಂದರ್ಥ. ಲೋಹದ ರೋಲರಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಗಾಳಿಯ ಗುಳ್ಳೆಗಳನ್ನು ಹೊರಗಟ್ಟಿ. ಉಳಿದ ಒಂದೊಂದು ಗುಳ್ಳೆಯೂ ಮುಂದೆ ನೀರು ಕೂರುವ ಗೂಡಾಗುತ್ತದೆ. ಒಮ್ಮೆಗೆ ಮೂರು ಪದರಕ್ಕಿಂತ ಹೆಚ್ಚು ಹಾಕಬೇಡಿ, ಏಕೆಂದರೆ ದಪ್ಪನೆಯ ರೆಸಿನ್ ಗಟ್ಟಿಯಾಗುವಾಗ ತಾನೇ ಕಾದು ಬಿರಿಯುತ್ತದೆ. ಡಬ್ಬಿಯಲ್ಲಿ ಮಿಕ್ಕ ರೆಸಿನ್ ಕೂಡ ಹೊಗೆಯಾಡುವಷ್ಟು ಕಾಯಬಲ್ಲದು; ಅದನ್ನು ಹೊರಗೆ ಮರಳಿನ ಮೇಲಿಟ್ಟು, ಪೂರ್ತಿ ಗಟ್ಟಿಯಾಗಿ ತಣ್ಣಗಾದ ಮೇಲೆಯೇ ವಿಲೇವಾರಿ ಮಾಡಿ, ಹಸಿಯಾಗಿದ್ದಾಗ ಪಾಲಿಕೆಯ ಕಸದ ಗಾಡಿಗೆ ಹಾಕಬೇಡಿ. ಎರಡು ದಿನ ಬಿಟ್ಟು ಸಮತಟ್ಟಾಗಿ ಉಜ್ಜಿ, ಹಿಂದಿನ ಹಂತದಂತೆ ಜೆಲ್‌ಕೋಟ್ ಹಚ್ಚಿ.

ಪಾಲಿಯೆಸ್ಟರ್ ಬದಲು ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ಹಳೆಯ ಒಡಲಿಗೆ ಅದು ಪಾಲಿಯೆಸ್ಟರಿಗಿಂತ ಬಿಗಿಯಾಗಿ ಅಂಟುತ್ತದೆ, ನೀರನ್ನೂ ಹೆಚ್ಚು ತಡೆಯುತ್ತದೆ. ಆದರೆ ಎಪಾಕ್ಸಿಯ ಮೇಲೆ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ, ಬಣ್ಣವನ್ನೇ ಹಚ್ಚಬೇಕಾಗುತ್ತದೆ. ಸಾಮಾನ್ಯ ಮ್ಯಾಟನ್ನು ಕೂಡಿಸಿದ ಅಂಟು ಎಪಾಕ್ಸಿಯಲ್ಲಿ ಕರಗದ ಕಾರಣ ನೇಯ್ದ ಗಾಜಿನ ಬಟ್ಟೆಯನ್ನು ಬಳಸಬೇಕು. ನೀರಿನ ಮಟ್ಟಕ್ಕಿಂತ ಕೆಳಗಿನ ತೂತಿಗೆ ಎಪಾಕ್ಸಿ, ಕಣ್ಣಿಗೆ ಕಾಣುವ ಮೇಲ್ಭಾಗಕ್ಕೆ ಪಾಲಿಯೆಸ್ಟರ್ ಎಂಬ ವಿಂಗಡಣೆ ನನಗೆ ಸೂಕ್ತವೆನಿಸುತ್ತದೆ.

ಒಡಲಿನ ಗುಳ್ಳೆಗಳು

ದೀರ್ಘಕಾಲ ನೀರಿನಲ್ಲಿದ್ದ ಫೈಬರ್ ಒಡಲಿನಲ್ಲಿ ಜೆಲ್‌ಕೋಟಿನ ಕೆಳಗೆ ನೀರು ಇಳಿದು, ಅಲ್ಲಿ ಕರಗಿದ ರಾಸಾಯನಿಕಗಳೊಡನೆ ಸೇರಿ, ಇನ್ನಷ್ಟು ನೀರನ್ನು ಎಳೆದುಕೊಂಡು ಗುಳ್ಳೆಗಳಾಗುತ್ತವೆ. ಹೊರಗಿನ ನೀರಿನಲ್ಲಿ ಲವಣ ಕಡಿಮೆಯಿದ್ದಷ್ಟೂ ಈ ಎಳೆತ ಹೆಚ್ಚು, ಆದ್ದರಿಂದ ಸಿಹಿನೀರಿನ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕಟ್ಟಿಟ್ಟ ದೋಣಿಗೆ ಸಮುದ್ರದ ದೋಣಿಗಿಂತ ಹೆಚ್ಚು ಅಪಾಯ. ಗುಳ್ಳೆ ಒಡೆದರೆ ಹುಳಿವಾಸನೆಯ ದ್ರವ ಚಿಮ್ಮುತ್ತದೆ, ಕನ್ನಡಕವಿಲ್ಲದೆ ಒಡೆಯಬೇಡಿ. ತೆರೆದ ಗುಳ್ಳೆಗಳನ್ನು ಸಿಹಿನೀರಿನಿಂದ ಹಲವು ದಿನ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯ ನಂತರ ಎಪಾಕ್ಸಿ ಪುಟ್ಟಿ ತುಂಬಿ, ಮೇಲೆ ಎಪಾಕ್ಸಿಯ ಹಲವು ಲೇಪ ಕೊಡಿ. ಬೋರ್‌ವೆಲ್ಲಿನ ಗಡಸುನೀರು ಆರಿದಾಗ ಲವಣ ಉಳಿಸುವುದರಿಂದ ಈ ತೊಳೆತಕ್ಕೆ ಕಾವೇರಿ ನೀರು ಅಥವಾ ಮಳೆನೀರು ಲೇಸು. ಟ್ರೇಲರಿನ ಮೇಲೆಯೇ ಇರುವ ದೋಣಿಯಲ್ಲಿ ಒಂದೆರಡು ಸಣ್ಣ ಗುಳ್ಳೆಗಳು ಕಂಡರೆ ಆತುರ ಬೇಡ.

ಬೇರೆ ಒಡಲುಗಳು

ಅಲ್ಯೂಮಿನಿಯಂ ದೋಣಿಯಲ್ಲಿ ರಿವೆಟ್ ಮತ್ತು ಬೆಸುಗೆಗಳನ್ನು ನೋಡಿ; ಒಳಗೆ ನೀರು ತುಂಬಿ ಹೊರಗೆ ಎಲ್ಲಿ ಒಸರುತ್ತದೆಂದು ನೋಡುವುದು ಸುಲಭದ ಪರೀಕ್ಷೆ, ಆದರೆ ಟ್ರೇಲರ್ ಆ ಭಾರ ಹೊರುವಷ್ಟೇ ತುಂಬಬೇಕು. ತಾಮ್ರವಿರುವ ಬಣ್ಣ ಅಲ್ಯೂಮಿನಿಯಂ ಮೈಯನ್ನು ತಿಂದುಹಾಕುತ್ತದೆ, ಅದನ್ನು ಬಳಸಲೇಬಾರದು. ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕಿಗೆ ರೆಸಿನ್ನಾಗಲಿ ಸಾಮಾನ್ಯ ಅಂಟಾಗಲಿ ಹಿಡಿಯುವುದಿಲ್ಲ. ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿಗಾಳಿಯ ಗನ್ನಿನಿಂದ ಕರಗಿಸಿ ಬೆಸೆಯಬೇಕು. ಗಾಳಿ ತುಂಬುವ ದೋಣಿಗೆ ಅದರ ಬಟ್ಟೆ ಪಿವಿಸಿ ಪ್ಲಾಸ್ಟಿಕ್ಕೋ ಹೈಪಲಾನ್ ಎಂಬ ರಬ್ಬರೋ ಎಂದು ತಿಳಿದು ಅದಕ್ಕೆ ಹೊಂದುವ ಅಂಟನ್ನೇ ತನ್ನಿ, ತೇಪೆ ಹರಿದ ಜಾಗಕ್ಕಿಂತ ಸುತ್ತಲೂ 5 ಸೆಂ.ಮೀ. ದೊಡ್ಡದಿರಲಿ, 24 ಗಂಟೆ ಗಾಳಿ ತುಂಬಬೇಡಿ. ಮರದ ದೋಣಿಯಲ್ಲಿ ಹಲಗೆ ಬದಲಾಯಿಸುವಾಗ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡನ್ನೇ ಬಳಸಿ, ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಕುಡಿಸಿ.

ವರ್ಷವಿಡೀ ಆರೈಕೆ

ಪ್ರತಿ ಸಲ ನೀರಿನಿಂದ ಮೇಲೆ ತಂದೊಡನೆ ಹಿಂಬದಿಯ ಡ್ರೈನ್ ಪ್ಲಗ್ ಬಿಚ್ಚಿ ಒಳಗಿನ ನೀರೆಲ್ಲ ಬಸಿಯಲು ಬಿಡಿ. ಒಡಲಿಗೂ ಟ್ರೇಲರಿಗೂ ಅಂಟಿದ ಜಲಕಳೆಯನ್ನು ಅಲ್ಲೇ ದಡದಲ್ಲಿ ಕಿತ್ತುಹಾಕಿ. ಒಂದು ಕೆರೆಯ ಕಳೆಯ ಚೂರು ಇನ್ನೊಂದು ಕೆರೆಯನ್ನು ಮುಚ್ಚಿಬಿಡಬಲ್ಲದು, ಮತ್ತು ನಮ್ಮ ಕೆರೆಗಳು ಈಗಾಗಲೇ ಸಾಕಷ್ಟು ಅನುಭವಿಸಿವೆ. ಸಮುದ್ರದಿಂದ ಬಂದಿದ್ದರೆ ಅದೇ ದಿನ ಒಡಲು, ಟ್ರೇಲರು ಮತ್ತು ಎಂಜಿನಿನ ತಂಪುನೀರಿನ ಹಾದಿಯನ್ನು ಸಿಹಿನೀರಿನಿಂದ ತೊಳೆಯಿರಿ. ಕೊಳಚೆ ಸೇರಿದ ಕೆರೆಯ ನೀರೂ ಕಲೆ ಬಿಡುವುದರಿಂದ ಅದಕ್ಕೂ ಇದೇ ಉಪಚಾರ.

ನಿಲ್ಲಿಸುವಾಗ ಮೂತಿಯ ಭಾಗವನ್ನು ತುಸು ಎತ್ತರಿಸಿ ಪ್ಲಗ್ ತೆಗೆದೇ ಇಡಿ, ಆಗ ಒಳಗೆ ಬಿದ್ದ ಮಳೆನೀರು ತಾನಾಗಿ ಹರಿದುಹೋಗುತ್ತದೆ. ಮುಚ್ಚಿದ ಪ್ಲಗ್ಗಿನ ಮೇಲೆ ಒಂದು ದೊಡ್ಡ ಮಳೆ ಸುರಿದರೆ ನೂರಾರು ಲೀಟರ್ ತುಂಬಿ, ಆ ಭಾರಕ್ಕೆ ಟ್ರೇಲರಿನ ಆಧಾರದ ಮೇಲೆ ಒಡಲು ಬಿರಿಯಬಹುದು. ಹೊದಿಕೆಯ ಟಾರ್ಪಾಲನ್ನು ಮೈಗೆ ಅಂಟಿಸಿ ಕಟ್ಟದೆ, ನಡುವೆ ಪೈಪು ಅಥವಾ ಬಿದಿರನ್ನು ಬೆನ್ನೆಲುಬಾಗಿ ಕೊಟ್ಟು ಗುಡಾರದಂತೆ ಎತ್ತಿ, ಎರಡೂ ತುದಿಗಳಲ್ಲಿ ಗಾಳಿಯಾಡಲು ಜಾಗ ಬಿಡಿ. ಬಿಗಿದು ಕಟ್ಟಿದ ಹೊದಿಕೆಯಡಿಯಲ್ಲಿ ತೇವ ಕುಳಿತು ಬೂಷ್ಟು ಹಿಡಿಯುತ್ತದೆ. ಈ ಎತ್ತರದ ಊರಿನ ಬಿಸಿಲು ಜೆಲ್‌ಕೋಟನ್ನು ಸುಣ್ಣದಂತೆ ಪುಡಿಯಾಗಿಸುವುದರಿಂದ ವರ್ಷಕ್ಕೆರಡು ಸಲ ವ್ಯಾಕ್ಸ್ ಹಚ್ಚಿ. ಅಂಗೈಯಿಂದ ಒರೆಸಿದಾಗ ಬಿಳಿಪುಡಿ ಬಂದರೆ ಮೊದಲು ಕಾಂಪೌಂಡ್ ಹಾಕಿ ಉಜ್ಜಬೇಕು.

ಟ್ರೇಲರಿನ ಆಧಾರಪಟ್ಟಿಗಳು ಟ್ರಾನ್ಸಮಿನ ಅಡಿಯವರೆಗೂ ಚಾಚಿರಬೇಕು. ಅವು ಮೊದಲೇ ನಿಂತರೆ ಎಂಜಿನಿನ ಭಾರಕ್ಕೆ ಹಿಂಬದಿಯ ತಳ ನಿಧಾನವಾಗಿ ಕೆಳಗೆ ಬಾಗಿ, ದೋಣಿಯ ಓಟವೇ ಕೆಡುತ್ತದೆ. ಕೃಷ್ಣರಾಜಸಾಗರದವರೆಗಿನ ಸುಮಾರು 140 ಕಿಲೋಮೀಟರ್ ಎಳೆದುಕೊಂಡು ಹೋದ ಟ್ರೇಲರನ್ನು ತಕ್ಷಣ ನೀರಿಗಿಳಿಸಬೇಡಿ. ಕಾದ ಚಕ್ರದ ಬೇರಿಂಗು ತಣ್ಣೀರಿಗೆ ತಾಗಿದೊಡನೆ ಒಳಗೆ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಆರಲು ಬಿಡಿ.

ಎಂಜಿನಿಗೆ ಕೂರಿಸಿದ ಆನೋಡ್ ತುಂಡುಗಳನ್ನೂ, ಅಂದರೆ ಎಂಜಿನಿನ ಲೋಹದ ಬದಲು ತಾವೇ ಸವೆದು ಅದನ್ನು ಕಾಯುವ ಲೋಹದ ತುಂಡುಗಳನ್ನೂ, ನೋಡಿ. ಸಮುದ್ರಕ್ಕೆ ಸತು, ಸಿಹಿನೀರಿಗೆ ಮೆಗ್ನೀಷಿಯಂ, ಅಳಿವೆಯಂಥ ಮಿಶ್ರನೀರಿಗೆ ಅಲ್ಯೂಮಿನಿಯಂ ಸರಿಹೊಂದುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸವನ್ನೇ ನಿಲ್ಲಿಸುತ್ತದೆ. ಅರ್ಧ ಸವೆದದ್ದನ್ನು ಬದಲಾಯಿಸಿ, ಅದರ ಮೇಲೆ ಬಣ್ಣ ಬಳಿಯಬೇಡಿ. ಪಾಚಿ ತಡೆಯುವ ಬಣ್ಣ ದೋಣಿಯನ್ನು ವಾರಗಟ್ಟಲೆ ನೀರಿನಲ್ಲೇ ಬಿಡುವವರಿಗೆ ಮಾತ್ರ. ಟ್ರೇಲರಿನಲ್ಲಿ ಮನೆಗೆ ಮರಳುವ ದೋಣಿಗೆ ಅದರ ಅಗತ್ಯವಿಲ್ಲ.

ದುರಸ್ತಿಯ ನಂತರ ಮೊದಲ ಸಲ ನೀರಿಗಿಳಿಸುವಾಗ

ತೇಪೆ ಹಾಕಿ ಕನಿಷ್ಠ ಒಂದು ವಾರ ಕಳೆದಿರಲಿ. ದಡದ ಹತ್ತಿರದ ಮೊಣಕಾಲುದ್ದ ನೀರಿನಲ್ಲಿ, ಟ್ರೇಲರಿನ ಹಗ್ಗ ಬಿಚ್ಚದೆ, ದೋಣಿಯನ್ನು ತೇಲಿಬಿಡಿ. ಒಳಗಿನ ತಳವನ್ನು ಒಣಬಟ್ಟೆಯಿಂದ ಒರೆಸಿ, ತೇಪೆಯ ಹಿಂಬದಿಯಲ್ಲಿ ಟಿಶ್ಯೂ ಕಾಗದ ಇಟ್ಟು ಅರ್ಧ ಗಂಟೆ ಕಾಯಿರಿ. ಕಾಗದ ಒಣಗಿದ್ದರೆ ಒಬ್ಬರು ಕುಳಿತು ಭಾರ ಹೇರಿ ಮತ್ತೊಮ್ಮೆ ನೋಡಿ. ಎಂಜಿನ್ ಚಾಲೂ ಮಾಡಿ ನಿಧಾನಗತಿಯಲ್ಲಿ ದಡದುದ್ದಕ್ಕೆ ಹೋಗಿಬಂದು ಮೂರನೆಯ ಸಲ ನೋಡಿ, ಏಕೆಂದರೆ ಕೆಲವು ಒಸರುಗಳು ಒಡಲು ಅದುರಿದಾಗ ಮಾತ್ರ ತೋರುತ್ತವೆ. ಲೈಫ್ ಜಾಕೆಟ್ ಈ ಪರೀಕ್ಷೆಯಲ್ಲೂ ಮೈಮೇಲಿರಬೇಕು. ಮನೆಗೆ ತಂದ ಮೇಲೆ ತೇಪೆಯ ಅಂಚನ್ನು ನಾಣ್ಯದಿಂದ ಮತ್ತೆ ತಟ್ಟಿ ನೋಡಿ; ಎಲ್ಲಿಯಾದರೂ ಸದ್ದು ಮಂದವಾಗಿದ್ದರೆ ಅಲ್ಲಿ ಪದರ ಹಿಡಿದಿಲ್ಲ, ಅಷ್ಟು ಭಾಗವನ್ನು ಉಜ್ಜಿ ತೆಗೆದು ಒಣಗಿಸುವ ಹಂತದಿಂದ ಮತ್ತೆ ಆರಂಭಿಸಿ.